ಹತ್ತನೆಯ ದಿನದ ಜ್ವರ

ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊ ತೆಗೆದುಕೊಳ್ಳುತ್ತಿರುವವರ ಫೈಲು ಬಿಚ್ಚಿದರೆ ಸ್ಕ್ಯಾನ್, ಬಯಾಪ್ಸಿ, ಡಿಸ್ಚಾರ್ಜ್ ಕಾರ್ಡುಗಳ ನಡುನಡುವೆ ಮತ್ತೆ ಮತ್ತೆ ಕೈಗೆ ಸಿಗುವುದು ಒಂದು ಅಗ್ಗದ ಹಾಳೆ: ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಇದಕ್ಕೆ ದೊಡ್ಡ ಊರಿಗೆ ಹೋಗಬೇಕಿಲ್ಲ; ಚಿಕ್ಕೋಡಿಯಲ್ಲೂ ಆಗುತ್ತದೆ, ಅಥಣಿಯಲ್ಲೂ ಆಗುತ್ತದೆ. ಅಂಥ ಒಂದು ಹಾಳೆ ಹೀಗಿದೆ ಎಂದುಕೊಳ್ಳಿ. ಹಿಮೊಗ್ಲೋಬಿನ್ 8.9. ಒಟ್ಟು ಬಿಳಿ ರಕ್ತಕಣ 1,400. ಅದರಲ್ಲಿ ನ್ಯೂಟ್ರೊಫಿಲ್ ಶೇ. 25. ಪ್ಲೇಟ್‌ಲೆಟ್ 62,000. ಯಂತ್ರ ಪ್ರತಿಯೊಂದರ ಪಕ್ಕಕ್ಕೂ ಕೆಳಮುಖದ ಬಾಣ ಹಾಕಿದೆ. ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ ಸಂಖ್ಯೆ ಎಷ್ಟೋ ಸಲ ಈ ಹಾಳೆಯಲ್ಲಿ ಅಚ್ಚೇ ಆಗಿರುವುದಿಲ್ಲ. ಅದನ್ನು ನಾವೇ ಗುಣಿಸಿ ತೆಗೆಯಬೇಕು. 1,400ರಲ್ಲಿ ಶೇ. 25, ಅಂದರೆ 350.

ಒಂದು ಮೈಕ್ರೊಲೀಟರ್ ರಕ್ತದಲ್ಲಿ 350 ನ್ಯೂಟ್ರೊಫಿಲ್. ಸಾಮಾನ್ಯವಾಗಿ ಕನಿಷ್ಠ 1,500 ಇರಬೇಕು. 500ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಂತೆಯೇ. 1966ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ಲ್ಯುಕೇಮಿಯಾ ರೋಗಿಗಳ ಎಣಿಕೆಗಳನ್ನೂ ಅವರಿಗೆ ಬಂದ ಸೋಂಕುಗಳನ್ನೂ ಎದುರುಬದುರು ಇಟ್ಟು ನೋಡಿದರು. ಎಣಿಕೆ ಎಷ್ಟು ಇಳಿದಿದೆ, ಎಷ್ಟು ದಿನ ಇಳಿದೇ ಇದೆ ಎಂಬ ಎರಡರ ಮೇಲೆ ಸೋಂಕಿನ ಅಪಾಯ ನಿಂತಿದೆ ಎಂದು ಅವರು ತೋರಿಸಿದ್ದು ಇಂದಿಗೂ ಕ್ಯಾನ್ಸರ್ ವಾರ್ಡುಗಳ ನಿತ್ಯದ ಲೆಕ್ಕಾಚಾರ.

ಕಿಮೊ ಎಂದ ಕೂಡಲೇ ಜನ ಹೆದರುವುದು ಕೂದಲು ಉದುರುವುದಕ್ಕೆ, ವಾಂತಿಗೆ. ಎರಡೂ ಕಣ್ಣಿಗೆ ಕಾಣುತ್ತವೆ. ಎಣಿಕೆ ಇಳಿಯುವುದು ಕಾಣುವುದೂ ಇಲ್ಲ, ನೋಯುವುದೂ ಇಲ್ಲ. 350 ನ್ಯೂಟ್ರೊಫಿಲ್ ಇಟ್ಟುಕೊಂಡ ಮನುಷ್ಯ ಅಂಗಳದ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರಬಹುದು. ಅವನಿಗೆ ಆ ಸ್ಥಿತಿ ಬರುವುದು ಸಲಾಯಿನ್ ಏರಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅಲ್ಲ. ಊರಿಗೆ ಮರಳಿ, ವಾಂತಿ ನಿಂತು, ‘ಈಗ ಅಡ್ಡಿಯಿಲ್ಲ’ ಎನ್ನುವಂತಾದ ಎರಡನೆಯ ವಾರದಲ್ಲಿ.

ಯಾಕೆ ಎರಡನೆಯ ವಾರ? ನಮ್ಮ ಸೊಂಟದ ಎಲುಬು, ಬೆನ್ನುಹುರಿ ಕಾಯುವ ಕಶೇರುಗಳು, ಎದೆಯ ನಡುವಿನ ಚಪ್ಪಟೆ ಎಲುಬು, ಪಕ್ಕೆಲುಬು ಇವುಗಳೊಳಗಿನ ಕೆಂಪು ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನೂ, ಹತ್ತು ಸಾವಿರ ಕೋಟಿಯಷ್ಟು ಪ್ಲೇಟ್‌ಲೆಟ್‌ಗಳನ್ನೂ, ಹೆಚ್ಚುಕಡಿಮೆ ಅಷ್ಟೇ ನ್ಯೂಟ್ರೊಫಿಲ್‌ಗಳನ್ನೂ ಹೊರಗೆ ಕಳಿಸುತ್ತದೆ. ಕೆಂಪು ಕಣದ ಆಯುಸ್ಸು 120 ದಿನ. ಪ್ಲೇಟ್‌ಲೆಟ್‌ನದು ಒಂದು ವಾರ, ಹತ್ತು ದಿನ. ನ್ಯೂಟ್ರೊಫಿಲ್ ರಕ್ತದಲ್ಲಿ ಒಂದು ದಿನವೂ ಸುತ್ತುವುದಿಲ್ಲ. ಕಿಮೊ ಔಷಧಿ ತಾಗುವುದು ಒಡೆದು ಎರಡಾಗುತ್ತಿರುವ ಜೀವಕೋಶಗಳಿಗೆ. ಗಡ್ಡೆಯಲ್ಲಿ ಅಂಥ ಕೋಶಗಳು ಇವೆ, ಸರಿ. ಆದರೆ ಮೈಯಲ್ಲಿ ಅತಿ ಬಿರುಸಾಗಿ ಒಡೆಯುವ ಕೋಶಗಳು ಇರುವುದು ಮಜ್ಜೆಯಲ್ಲಿ. ಔಷಧಿ ಬಿದ್ದ ದಿನ ಅಲ್ಲಿ ಹೊಸ ಉತ್ಪಾದನೆ ನಿಲ್ಲುತ್ತದೆ. ಈಗಾಗಲೇ ಬಲಿತು ಮಜ್ಜೆಯಲ್ಲೇ ದಾಸ್ತಾನಿರುವ ನ್ಯೂಟ್ರೊಫಿಲ್‌ಗಳು ಐದಾರು ದಿನ ಸಾಗಿಸುತ್ತವೆ. ಆ ದಾಸ್ತಾನು ಮುಗಿಯುವುದು ಏಳನೆಯ ದಿನದ ಆಸುಪಾಸು. ಅಲ್ಲಿಂದ ಹದಿನಾಲ್ಕನೆಯ ದಿನದವರೆಗೆ ತಳ.

ಕಬ್ಬಿನ ಸೀಮೆಯ ಓದುಗರಿಗೆ ಇದನ್ನು ಕೂಳೆ ಬೆಳೆಯ ಮೂಲಕ ಹೇಳಬಹುದು. ಕಬ್ಬು ಕಡಿದ ಮೇಲೆ ಹೊಲ ಬೋಳಾಗುತ್ತದೆ, ಆದರೆ ನೆಲದೊಳಗಿನ ಬುಡ ಸತ್ತಿರುವುದಿಲ್ಲ, ಮತ್ತೆ ಚಿಗುರುತ್ತದೆ. ಮಜ್ಜೆಯಲ್ಲಿಯೂ ಮೂಲಕೋಶಗಳು ಬಹುಪಾಲು ಹೊತ್ತು ಸುಮ್ಮನೆ ಮಲಗಿರುವುದರಿಂದ ಔಷಧಿಯ ಏಟಿನಿಂದ ತಪ್ಪಿಸಿಕೊಳ್ಳುತ್ತವೆ. ನಾಶವಾಗುವುದು ಮೇಲಿನ ಬೆಳೆ. ಮೂರು ವಾರದಲ್ಲಿ ಅದು ಮತ್ತೆ ಎದ್ದು ನಿಲ್ಲುತ್ತದೆ. ಅದಕ್ಕೇ ಕಿಮೊ 21 ದಿನಕ್ಕೊಮ್ಮೆ. ಕೂಳೆ ಮೇಲೆ ಕೂಳೆ ಬಿಟ್ಟರೆ ಇಳುವರಿ ಇಳಿಯುವಂತೆ, ನಾಲ್ಕನೆಯ, ಐದನೆಯ ಸುತ್ತಿಗೆ ಮಜ್ಜೆಯೂ ತಡವಾಗಿ, ತೆಳ್ಳಗೆ ಏಳುತ್ತದೆ.

ಈ ಔಷಧಿಗಳ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ: ಅಡ್ಡಪರಿಣಾಮ ಮೊದಲು ಗೊತ್ತಾಯಿತು, ಔಷಧಿ ಆಮೇಲೆ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಅನಿಲಕ್ಕೆ ಸಿಕ್ಕಿ ಸತ್ತ ಸೈನಿಕರ ಮಜ್ಜೆ ಬರಿದಾಗಿದ್ದನ್ನು ಕ್ರುಂಭಾರ್ ದಂಪತಿ 1919ರಲ್ಲೇ ಬರೆದಿದ್ದರು. ಬಿಳಿ ರಕ್ತಕಣಗಳನ್ನು ಅಳಿಸಿಹಾಕುವ ವಿಷ, ಬಿಳಿ ರಕ್ತಕಣಗಳ ಕ್ಯಾನ್ಸರನ್ನೂ ಅಳಿಸಬಾರದೇಕೆ ಎಂಬ ಪ್ರಶ್ನೆಯಿಂದ 1942ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್, ಗಿಲ್ಮನ್ ಅವರ ಪ್ರಯೋಗ ಶುರುವಾಯಿತು. ಮರುವರ್ಷ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನಲ್ಲಿ ಗುಟ್ಟಾಗಿ ಮಸ್ಟರ್ಡ್ ಬಾಂಬು ಹೊತ್ತಿದ್ದ ಅಮೆರಿಕದ ಹಡಗು ಜರ್ಮನ್ ದಾಳಿಗೆ ಸಿಕ್ಕಾಗ, ಬದುಕುಳಿದವರಲ್ಲೂ ಬಿಳಿ ಕಣಗಳು ಕುಸಿದದ್ದು ಕಂಡಿತು. ಹೀಗಾಗಿ ಮಜ್ಜೆಗೆ ಬೀಳುವ ಪೆಟ್ಟನ್ನು ಕಿಮೊದ ‘ಪಕ್ಕದ’ ಪರಿಣಾಮ ಎನ್ನುವುದು ನನಗೆ ಅಷ್ಟು ಸರಿಯೆನಿಸುವುದಿಲ್ಲ. ಅದು ಕಿಮೊದ ಒಡಹುಟ್ಟು.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಬೆನ್ನೆಲುಬಾದ ಔಷಧಿ ಪ್ಲಾಟಿನಮ್. 1965ರಲ್ಲಿ ಮಿಶಿಗನ್‌ನ ಬಾರ್ನೆಟ್ ರೋಸೆನ್‌ಬರ್ಗ್ ಪ್ಲಾಟಿನಮ್ ತಂತಿಯ ಮೂಲಕ ಕರೆಂಟು ಹಾಯಿಸಿದಾಗ ದ್ರಾವಣದಲ್ಲಿದ್ದ ಬ್ಯಾಕ್ಟೀರಿಯಾಗಳು ಒಡೆಯಲಾರದೆ ಉದ್ದುದ್ದ ಎಳೆಗಳಾದವು. ಆ ಗುಣದಿಂದಲೇ ಸಿಸ್‌ಪ್ಲಾಟಿನ್ ಬಂತು, ಅದರ ತಮ್ಮನಾಗಿ ಕಾರ್ಬೊಪ್ಲಾಟಿನ್ ಬಂತು. ಅಣ್ಣ ಮಜ್ಜೆಗೆ ಸ್ವಲ್ಪ ಸೌಮ್ಯ, ಮೂತ್ರಪಿಂಡಕ್ಕೆ ಕ್ರೂರಿ. ತಮ್ಮ ಅದಲುಬದಲು, ಅದರಲ್ಲೂ ಪ್ಲೇಟ್‌ಲೆಟ್‌ಗಳ ಮೇಲೆ ಅವನ ಕಣ್ಣು. ಸಣ್ಣಕೋಶದ ಕ್ಯಾನ್ಸರಿನಲ್ಲಿ (ಬೀಡಿ, ಸಿಗರೇಟಿಗೆ ಅತಿ ಹತ್ತಿರದ ಬಗೆ ಇದು) ಇವುಗಳ ಜೊತೆಗೆ ಎಟೊಪೊಸೈಡ್ ಸೇರುತ್ತದೆ, ಮೂರು ದಿನ ಸತತ. ಗಡ್ಡೆ ಬೇಗ ಕರಗುತ್ತದೆ, ಮಜ್ಜೆಯೂ ಅಷ್ಟೇ ಬೇಗ ಕುಸಿಯುತ್ತದೆ.

ಬೀಡಿ ಎಂದೆ. ನಿಪ್ಪಾಣಿಯ ಹೆಸರು ಎತ್ತಿದರೆ ತಂಬಾಕು ನೆನಪಾಗದಿರದು. ವಖಾರಿಗಳಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿದು ಬದುಕಿದ ಹೆಂಗಸರ ಊರು ಅದು. ಬೆಲೆಗಾಗಿ 1981ರಲ್ಲಿ ರೈತರು ಹೆದ್ದಾರಿಯ ಮೇಲೆ ಕೂತು, ಏಪ್ರಿಲ್‌ನಲ್ಲಿ ಗೋಲಿಬಾರಿಗೆ ಜೀವ ಕೊಟ್ಟ ಊರೂ ಹೌದು. ಇಲ್ಲಿ ಬೆಳೆದದ್ದನ್ನು ಇಲ್ಲಿಯವರೇ ಸೇದುತ್ತಾರೆ ಎಂದೇನಿಲ್ಲ, ಅದು ದೇಶವೆಲ್ಲ ಹೋಗುತ್ತದೆ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ಈ ಅಧ್ಯಾಯಕ್ಕೆ ಬೇಕಾದದ್ದು ಒಂದೇ ಸಂಗತಿ: ದಶಕಗಟ್ಟಲೆ ಬೀಡಿ ಸೇದಿದ ಶ್ವಾಸಕೋಶ ಕ್ಯಾನ್ಸರ್ ಬರುವ ಮೊದಲೇ ದಣಿದಿರುತ್ತದೆ. ದಮ್ಮು, ಕಫ, ಕೆಮ್ಮು ಮೊದಲೇ ಇರುತ್ತವೆ. ನ್ಯೂಟ್ರೊಫಿಲ್ ಇಳಿದ ವಾರದಲ್ಲಿ ಇದರ ಬೆಲೆ ತೆರಬೇಕಾಗುತ್ತದೆ.

ಹೇಗೆಂದರೆ, ನ್ಯುಮೋನಿಯಾ ಬಂದರೆ ಸಾಮಾನ್ಯರಿಗೆ ಕೆಮ್ಮು ಹೆಚ್ಚುತ್ತದೆ, ಹಳದಿ ಕಫ ಬರುತ್ತದೆ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಆ ಹಳದಿ ಬಣ್ಣ, ಆ ಕೀವು, ಆ ಮಚ್ಚೆಯ ಬಹುಪಾಲು ಸೋಂಕಿನ ಜಾಗಕ್ಕೆ ನುಗ್ಗಿ ಸತ್ತ ನ್ಯೂಟ್ರೊಫಿಲ್‌ಗಳಿಂದಲೇ ಆದದ್ದು. ಅವೇ ಇಲ್ಲದಿದ್ದರೆ ಕೀವೆಲ್ಲಿ? ಎಕ್ಸ್‌ರೇ ಚೊಕ್ಕಟ. ಗಂಟಲು ಕೆಂಪಾಗುವುದೂ ಕಡಿಮೆ. ಮೇಲಾಗಿ ಗಡ್ಡೆ ಶ್ವಾಸನಾಳವೊಂದನ್ನು ಒತ್ತಿಹಿಡಿದಿದ್ದರೆ ಅದರ ಹಿಂದೆ ಕಫ ಕಟ್ಟಿ ಸೋಂಕಿಗೆ ತಾವು ಸಿದ್ಧವಾಗಿರುತ್ತದೆ. ಬಾಯಿ, ಕರುಳಿನ ಒಳಪದರವನ್ನೂ ಕಿಮೊ ಸವೆಸಿರುವುದರಿಂದ ನಮ್ಮದೇ ಕರುಳಿನಲ್ಲಿ ಸಜ್ಜನರಂತಿದ್ದ ಈ-ಕೋಲಿ, ಕ್ಲೆಬ್ಸಿಯೆಲ್ಲಾಗಳು ರಕ್ತಕ್ಕೆ ದಾಟುತ್ತವೆ. ಇಷ್ಟೆಲ್ಲ ನಡೆಯುವಾಗ ಹೊರಗೆ ಕಾಣುವ ಗುರುತು ಹಲವರಲ್ಲಿ ಒಂದೇ: ಜ್ವರ. ಥರ್ಮಾಮೀಟರಿನಲ್ಲಿ ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್, ಇಲ್ಲವೆ ಒಂದು ತಾಸು ಬಿಡದೆ 100.4. ಆಗಿನಿಂದ ಗಡಿಯಾರ ಓಡಲು ಶುರು. ಆಸ್ಪತ್ರೆಯ ಬಾಗಿಲು ಮುಟ್ಟಿದ ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಇಳಿಯಬೇಕು ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ನಿಯಮ.

ಆಸ್ಪತ್ರೆಯ ಬಾಗಿಲು ಮುಟ್ಟುವುದಕ್ಕೆ ಮೊದಲಿನ ಗಂಟೆಗಳ ಲೆಕ್ಕ ಆ ನಿಯಮದಲ್ಲಿಲ್ಲ. ನಮ್ಮ ಸೀಮೆಯ ಕಥೆಯೆಲ್ಲ ಅಲ್ಲಿದೆ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಕಾಗವಾಡದಿಂದ ಮಿರಜಕ್ಕೆ ಹತ್ತಿಪ್ಪತ್ತು ಕಿಲೋಮೀಟರು. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು. ರಾಯಬಾಗ, ಕುಡಚಿ, ಉಗಾರದವರು ರೈಲಿನ ವೇಳೆ ನೋಡಿ ಮಿರಜಕ್ಕೋ ಬೆಳಗಾವಿಗೋ ಹೊರಡುತ್ತಾರೆ. ದೊಡ್ಡ ತೀರ್ಮಾನವಾಗಬೇಕಿದ್ದರೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಯ ಟಾಟಾ ಆಸ್ಪತ್ರೆ. ಹೀಗೆ ಕಿಮೊ ಒಂದು ರಾಜ್ಯದಲ್ಲಿ, ಜ್ವರ ಇನ್ನೊಂದರಲ್ಲಿ. 2023ರಲ್ಲಿ ಮಹಾರಾಷ್ಟ್ರ ತನ್ನ ಫುಲೆ ಆರೋಗ್ಯ ಯೋಜನೆಯನ್ನು ಗಡಿಯ 865 ಹಳ್ಳಿಗಳಿಗೆ ಚಾಚಿದಾಗ ಎರಡೂ ಕಡೆ ರಾಜಕೀಯದ ಕಾವು ಏರಿತು. ರೋಗಿಯ ಮನೆಯವರು ಕೇಳುವ ಪ್ರಶ್ನೆ ಮಾತ್ರ ಬೇರೆ: ರಾತ್ರಿ ಯಾರು ಅಡ್ಮಿಟ್ ಮಾಡಿಕೊಳ್ಳುತ್ತಾರೆ?

ಮಳೆಗಾಲದಲ್ಲಿ ಆ ಪ್ರಶ್ನೆಗೂ ಮೊದಲು ಇನ್ನೊಂದು ಬರುತ್ತದೆ. ಕೊಯ್ನಾ ಕಡೆ ಮಳೆ ಜೋರಾದರೆ ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ, ಕುಡಚಿ–ಉಗಾರ ರಸ್ತೆ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಯಿತು; 2021ರ ಜುಲೈಯಲ್ಲಿ ಮತ್ತದೇ. ಜುಲೈ, ಆಗಸ್ಟಿನಲ್ಲಿ ಕಿಮೊ ಇರುವ ನದಿದಂಡೆಯ ರೋಗಿಗೆ ಏಳರಿಂದ ಹದಿನಾಲ್ಕನೆಯ ದಿನದವರೆಗೆ ನೀರಿನ ಈಚೆ ದಡದಲ್ಲಿ, ಆಸ್ಪತ್ರೆ ಇರುವ ಊರಿನ ನೆಂಟರ ಮನೆಯಲ್ಲಿ ಇರುವಂತೆ ಹೇಳುವುದು ಔಷಧಿ ಬರೆದುಕೊಟ್ಟಷ್ಟೇ ಮುಖ್ಯವೆಂದು ನಾನು ತಿಳಿದಿದ್ದೇನೆ.

ರಸ್ತೆ ತೆರೆದಿದ್ದರೂ ಜ್ವರ ಬಂದವರು ಮೊದಲು ಹೋಗುವುದು ಊರಿನ ಡಾಕ್ಟರ ಹತ್ತಿರ. “ಒಂದ್ ಇಂಜೆಕ್ಷನ್ ಮಾಡಿಬಿಡ್ರಿ ಸಾಹೇಬ್ರ, ಮುಂಜಾನಿ ನೋಡಿದ್ರಾತು” ಎಂದರೆ ಸೊಂಟಕ್ಕೆ ಡೈಕ್ಲೊಫೆನಾಕ್, ಜೊತೆಗೊಂದು ಸ್ಟೆರಾಯ್ಡ್. ಜ್ವರ ಇಳಿಯುತ್ತದೆ, ಬೆವರಿ ನಿದ್ದೆಯೂ ಬರುತ್ತದೆ. ಬ್ಯಾಕ್ಟೀರಿಯಾಗಳಿಗೆ ಮಾತ್ರ ಏನೂ ಆಗಿರುವುದಿಲ್ಲ. ಇದ್ದ ಒಂದೇ ಗುರುತನ್ನು ಅಳಿಸಿ ಅವಕ್ಕೆ ಇಡೀ ರಾತ್ರಿ ಬಿಟ್ಟುಕೊಟ್ಟಂತಾಯಿತು. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಚುಚ್ಚಿದ ಕಡೆ ಸ್ನಾಯುವಿನೊಳಗೆ ರಕ್ತ ಕಟ್ಟುವ ಭಯ; ಡೈಕ್ಲೊಫೆನಾಕ್ ಉಳಿದ ಪ್ಲೇಟ್‌ಲೆಟ್‌ಗಳನ್ನೂ ಮಂಕು ಮಾಡುತ್ತದೆ. ಆ ಡಾಕ್ಟರರನ್ನು ದೂರುವುದು ಸುಲಭ. ತನ್ನೆದುರು ಕೂತವನಿಗೆ ಹತ್ತು ದಿನದ ಹಿಂದೆ ಕಿಮೊ ಆಗಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕ್ಯಾನ್ಸರ್ ಎಂಬುದನ್ನು ಮುಚ್ಚಿಡುವ ಮನೆಗಳು ಇನ್ನೂ ಇವೆ.

ಪ್ಲೇಟ್‌ಲೆಟ್ ವಿಷಯದಲ್ಲಿ ಜನರ ಹೆದರಿಕೆ ಡೆಂಗಿಯಿಂದ ಬಂದದ್ದು. 62,000 ಎಂದಕೂಡಲೇ ಪಪ್ಪಾಯಿ ಎಲೆ ಅರೆಯುತ್ತಾರೆ. ಕಿಮೊದಿಂದ ಇಳಿದ ಪ್ಲೇಟ್‌ಲೆಟ್‌ಗೆ ಅದರಿಂದ ಉಪಯೋಗವಿದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ರಕ್ತಸ್ರಾವವಿಲ್ಲದಿದ್ದರೆ 10,000ಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸುವುದೂ ಇಲ್ಲ. ಏರಿಸಬೇಕಾಗಿ ಬಂದಾಗಲೇ ಕಷ್ಟ. ಕೆಂಪು ಕಣದ ಚೀಲ ಫ್ರಿಜ್ಜಿನಲ್ಲಿ ತಿಂಗಳು ಮೀರಿ ಇರುತ್ತದೆ. ಪ್ಲೇಟ್‌ಲೆಟ್ ಚೀಲ 20ರಿಂದ 24 ಡಿಗ್ರಿಯಲ್ಲಿ, ಸತತ ಅಲುಗಾಡುತ್ತ, ಐದೇ ದಿನ. ಹಾಗಾಗಿ ಅದನ್ನು ಕೂಡಿಟ್ಟುಕೊಳ್ಳಲು ಸಣ್ಣ ಊರಿಗೆ ಆಗುವುದಿಲ್ಲ. ರಕ್ತ ಕೊಡಲು ಅಳಿಯ, ತಮ್ಮ, ಗೆಳೆಯ ಎಲ್ಲರೂ ಸೇರಿ ಗಾಡಿ ಮಾಡಿಕೊಂಡು ಮಿರಜ, ಬೆಳಗಾವಿಗೆ ಹೊರಡಬೇಕು.

ಕೆಂಪು ಕಣಗಳದು ನಿಧಾನದ ಕುಸಿತ. 120 ದಿನ ಬಾಳುವುದರಿಂದ ಮೊದಲ ಸುತ್ತಿನಲ್ಲಿ ಏನೂ ಆಗದು. ಮೂರನೆಯ ಸುತ್ತಿಗೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ಏದುಸಿರನ್ನು ಎಲ್ಲರೂ ಗಡ್ಡೆಯ ತಲೆಗೆ ಕಟ್ಟುತ್ತಾರೆ. ಹಿಮೊಗ್ಲೋಬಿನ್ 14 ಇದ್ದವರಲ್ಲಿ ಇರುವ ಆಮ್ಲಜನಕದ ಅರ್ಧವನ್ನಷ್ಟೇ 7 ಇದ್ದವರ ರಕ್ತ ಹೊರಬಲ್ಲದು. ಶ್ವಾಸಕೋಶ ಗಟ್ಟಿಯಿದ್ದರೂ ಉಸಿರು ಸಾಲದು. ಸಿಸ್‌ಪ್ಲಾಟಿನ್ ಪಡೆದವರಲ್ಲಿ ಇನ್ನೊಂದು ಪೇಚು: ಕೆಂಪು ಕಣ ತಯಾರಿಸೆಂದು ಮಜ್ಜೆಗೆ ಹೇಳಿಕಳಿಸುವ ಎರಿಥ್ರೊಪೊಯಟಿನ್ ಹುಟ್ಟುವುದೇ ಮೂತ್ರಪಿಂಡದಲ್ಲಿ, ಅಲ್ಲಿಗೂ ಪೆಟ್ಟು ಬಿದ್ದಿರುತ್ತದೆ. ಆ ಹಾರ್ಮೋನನ್ನು ಚುಚ್ಚಿ ಕೊಡಬಹುದು, ಆದರೆ ಗುಣಪಡಿಸುವ ಉದ್ದೇಶದ ಕಿಮೊದಲ್ಲಿ ಬೇಡವೆಂದು 2008ರಿಂದ ಅಮೆರಿಕದ ಔಷಧ ನಿಯಂತ್ರಕರ ಎಚ್ಚರಿಕೆಯಿದೆ. ಕೆಲವು ಪ್ರಯೋಗಗಳಲ್ಲಿ ಅದು ಆಯುಸ್ಸನ್ನೇ ಮೊಟಕುಗೊಳಿಸಿತ್ತು. ನಮ್ಮ ಹೆಂಗಸರಂತೂ ಚಿಕಿತ್ಸೆಗೆ ಬರುವಾಗಲೇ ಬಡರಕ್ತದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಬೀಟ್‌ರೂಟು ಕೆಂಪಗಿದೆ ಎಂಬ ಒಂದೇ ಕಾರಣಕ್ಕೆ ಅದರ ರಸ ಕುಡಿಸುವುದಕ್ಕಿಂತ ಕಿಮೊಗೆ ಮುಂಚೆ ಕಬ್ಬಿಣಾಂಶ, ಬಿ12 ಪರೀಕ್ಷೆ ಮಾಡಿಸುವುದು ಮೇಲು.

ಬಿ12 ಮಾತು ಸುಮ್ಮನೆ ಎತ್ತಿದ್ದಲ್ಲ. ಇದು ಜೈನರು, ಲಿಂಗಾಯತರು ಹೆಚ್ಚಾಗಿರುವ ಸೀಮೆ. ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ ಚಿಕ್ಕೋಡಿ ತಾಲೂಕಿನಲ್ಲೇ ಇದೆ. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಹಾಲು ಮೊಸರೂ ಕಡಿಮೆಯಾದರೆ ಬಿ12 ಕೊರತೆ ಮಾಮೂಲು. ಶ್ವಾಸಕೋಶದ ಅಡೆನೊಕಾರ್ಸಿನೋಮಾಗೆ ಹೆಚ್ಚಾಗಿ ಕೊಡುವ ಪೆಮೆಟ್ರೆಕ್ಸೆಡ್ ಎಂಬ ಔಷಧಿ ಫೋಲೇಟ್ ದಾರಿಯನ್ನೇ ಕಡಿಯುವಂಥದ್ದು. ಅದರ ಆರಂಭದ ಪ್ರಯೋಗಗಳಲ್ಲಿ ಕೆಲವರ ಮಜ್ಜೆ ತೀರಾ ನೆಲಕಚ್ಚಿ ಸಾವುಗಳಾದವು. ಹುಡುಕಿದಾಗ ಅಂಥವರ ರಕ್ತದಲ್ಲಿ ಹೋಮೊಸಿಸ್ಟೀನ್ ಹೆಚ್ಚಿತ್ತು, ಅಂದರೆ ಫೋಲೇಟ್, ಬಿ12 ಮೊದಲೇ ಸಾಲದಾಗಿತ್ತು. ಅಲ್ಲಿಂದಾಚೆಗೆ ಕಿಮೊಗೆ ಒಂದು ವಾರ ಮುಂಚಿನಿಂದ ದಿನಾ ಫೋಲಿಕ್ ಆ್ಯಸಿಡ್ ಗುಳಿಗೆ, ಒಂಬತ್ತು ವಾರಕ್ಕೊಂದು ಬಿ12 ಇಂಜೆಕ್ಷನ್ ಕಡ್ಡಾಯವಾಯಿತು. ‘ಶಕ್ತಿ ಗುಳಿಗೆ’ ಎಂದುಕೊಂಡು ಬಿಟ್ಟುಬಿಡುವ ಈ ಪುಟ್ಟ ಗುಳಿಗೆಯಷ್ಟು ಅಗ್ಗದಲ್ಲಿ ಮಜ್ಜೆ ಕಾಯುವ ಉಪಾಯ ಇನ್ನೊಂದಿಲ್ಲ.

ದುಬಾರಿಯ ಉಪಾಯವೂ ಇದೆ: ಜಿ-ಸಿಎಸ್‌ಎಫ್. ಆಸ್ಟ್ರೇಲಿಯಾದ ಡೊನಾಲ್ಡ್ ಮೆಟ್ಕಾಫ್ ಮತ್ತವರ ಜೊತೆಗಾರರು ದಶಕಗಳ ಕಾಲ ಬೆನ್ನುಹತ್ತಿದ ಪ್ರೋಟೀನುಗಳ ಗುಂಪಿಗೆ ಸೇರಿದ್ದು ಇದು. ಇಂಜೆಕ್ಷನ್ ರೂಪದಲ್ಲಿ ಬಂದದ್ದು 1991ರಲ್ಲಿ. ಕಿಮೊ ಮುಗಿದು ಒಂದು ದಿನವಾದ ಮೇಲೆ ಹೊಟ್ಟೆಯ ಚರ್ಮದಡಿ ಚುಚ್ಚಿದರೆ ನ್ಯೂಟ್ರೊಫಿಲ್‌ಗಳ ಸಾಲು ಬೇಗ ಬೇಗ ಬಲಿಯುತ್ತದೆ. ಎಲುಬು ನೋಯುವುದು ಆ ಕೆಲಸದ ಸದ್ದು. ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ಇದರ ಸುಧಾರಿತ ರೂಪದಲ್ಲಿ ಒಂದು ಸೊಗಸಿದೆ. ಅಣುವನ್ನು ದೊಡ್ಡದು ಮಾಡಿರುವುದರಿಂದ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಅದನ್ನು ಹೀರಿ ಮುಗಿಸುವವು ನ್ಯೂಟ್ರೊಫಿಲ್‌ಗಳೇ. ಅವು ಇಲ್ಲದಿರುವವರೆಗೆ ಔಷಧಿ ರಕ್ತದಲ್ಲಿ ಕಾದಿರುತ್ತದೆ, ಅವು ಬಂದಮೇಲೆ ತಾನಾಗಿ ತೀರುತ್ತದೆ. ಒಂದು ಸುತ್ತಿಗೆ ಒಂದೇ ಚುಚ್ಚು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇದರ ಮೊದಲ ಬಯೊಸಿಮಿಲರ್ (ಮೂಲ ಔಷಧಿಯನ್ನು ಹೋಲುವ ಪ್ರತಿ) ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಜೋಡಿಯದು. ಭಾರತದ ಕಂಪನಿಗಳು ಪೈಪೋಟಿಗೆ ಇಳಿದು ಬೆಲೆ ಇಳಿದಿದೆ. ಆದರೆ 2ರಿಂದ 8 ಡಿಗ್ರಿ ತಣ್ಣಗಿರಬೇಕು, ಹೆಪ್ಪುಗಟ್ಟಲೂಬಾರದು. ಮಿರಜದ ಔಷಧಿ ಅಂಗಡಿಯಿಂದ ಥರ್ಮಾಸಿನಲ್ಲಿ ಬರ್ಫ ತುಂಬಿಸಿ, ಅದರೊಳಗೆ ಸಿರಿಂಜನ್ನು ನೇರ ಹುದುಗಿಸಿ ತಂದರೆ ಅದು ಕೆಡುವ ಸಂಭವವಿದೆ. ನಡುವೆ ಬಟ್ಟೆಯ ಮಡಿಕೆ ಬೇಕು.

ಜ್ವರ ಬಾರದೆ ಎಲ್ಲ ಸುಸೂತ್ರ ನಡೆದವರಿಗೂ ಒಂದು ಹೊರೆ ತಪ್ಪದು. 21ನೆಯ ದಿನ ನಸುಕಿನ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು, ಒಬ್ಬರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆ ಮುಟ್ಟುತ್ತಾರೆ. ರಕ್ತ ತೆಗೆದು ನೋಡಿದರೆ ನ್ಯೂಟ್ರೊಫಿಲ್ 1,500 ಮುಟ್ಟಿಲ್ಲ, ಪ್ಲೇಟ್‌ಲೆಟ್ ಲಕ್ಷಕ್ಕೆ ಕಡಿಮೆ. “ಕಾಕಾ, ಪೇಶಿ ಇನ್ನೂ ಏರಿಲ್ರಿ. ಮುಂದಿನ ಸೋಮವಾರ ಬರ್ರಿ.” ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿಗೆ ಸಾವಿರ ಬೀಡಿಗೆ ಇಷ್ಟೆಂದು ಕೂಲಿ, ಆ ದಿನ ಕಟ್ಟದ ಬೀಡಿಯ ಹಣ ಯಾವ ಯೋಜನೆಯಲ್ಲೂ ಮರಳಿ ಬರುವುದಿಲ್ಲ. ಹಿಂದಿನ ದಿನವೇ ಊರಿನ ಲ್ಯಾಬಿನಲ್ಲಿ ಸಿಬಿಸಿ ಮಾಡಿಸಿ ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಈ ತಿರುಗಾಟ ತಪ್ಪುತ್ತದೆ. ಒಪ್ಪುವ ವೈದ್ಯರಿದ್ದಾರೆ, ತಮ್ಮ ಲ್ಯಾಬಿನದೇ ಬೇಕೆನ್ನುವವರೂ ಇದ್ದಾರೆ. ಡೋಸು ತಗ್ಗಿಸಿ, ಸುತ್ತು ಮುಂದೂಡಿ ಸಾಗಿದಂತೆಲ್ಲ ಗಡ್ಡೆಗೂ ಬಿಡುವು ಸಿಗುತ್ತದೆ ಎಂಬುದೇ ವೈದ್ಯರ ಇಕ್ಕಟ್ಟು.

ಮಜ್ಜೆಯನ್ನು ಬಿಟ್ಟು ಗಡ್ಡೆಯನ್ನಷ್ಟೇ ಹೊಡೆಯುವ ಗುಳಿಗೆಗಳು ಬಂದಿವೆಯಲ್ಲ ಎನ್ನಬಹುದು. ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇದ್ದವರಿಗೆ ಅದು ನಿಜ. 2009ರ ಪೂರ್ವ ಏಷ್ಯಾದ ದೊಡ್ಡ ಪ್ರಯೋಗವೊಂದರಲ್ಲಿ ಕಾರ್ಬೊಪ್ಲಾಟಿನ್–ಪ್ಯಾಕ್ಲಿಟ್ಯಾಕ್ಸೆಲ್ ಪಡೆದವರಲ್ಲಿ ಶೇ. 67.1 ಮಂದಿಗೆ ನ್ಯೂಟ್ರೊಫಿಲ್ ತೀವ್ರವಾಗಿ ಇಳಿದರೆ, ಜೆಫಿಟಿನಿಬ್ ಗುಳಿಗೆ ನುಂಗಿದವರಲ್ಲಿ ಶೇ. 3.7ಕ್ಕೆ ಮಾತ್ರ. ಆದರೆ ಮುಂದಿನ ಅಧ್ಯಾಯ ಬರೆದದ್ದು ಮುಂಬಯಿಯ ಟಾಟಾ ಆಸ್ಪತ್ರೆ. ವನಿತಾ ನರೋನ್ಹಾ, ಕುಮಾರ್ ಪ್ರಭಾಶ್ ಮತ್ತು ಸಂಗಡಿಗರು 350 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆ ಗುಳಿಗೆಯ ಜೊತೆಗೇ ಪೆಮೆಟ್ರೆಕ್ಸೆಡ್, ಕಾರ್ಬೊಪ್ಲಾಟಿನ್ ಕೊಟ್ಟರು. ರೋಗ ತಲೆಯೆತ್ತದೆ ಉಳಿದ ಅವಧಿ 8 ತಿಂಗಳಿಂದ 16ಕ್ಕೆ ಏರಿತು. ತೀವ್ರ ಅಡ್ಡಪರಿಣಾಮವೂ ಶೇ. 25ರಿಂದ 51ಕ್ಕೆ ಏರಿತು. ಎಂಟು ತಿಂಗಳ ನೆಮ್ಮದಿಗೆ ಮಜ್ಜೆ ತೆತ್ತ ಕಂದಾಯ ಅದು. ಆರಿಸಬೇಕಾದವರು ರೋಗಿ, ಆರಿಸಲು ಅವರಿಗೆ ಎರಡೂ ಸಂಖ್ಯೆ ಗೊತ್ತಿರಬೇಕು.

ಸಣ್ಣಕೋಶದ ಕ್ಯಾನ್ಸರಿಗೆ ಇನ್ನೊಂದು ಚಮತ್ಕಾರಿಕ ದಾರಿ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಟ್ರೈಲಾಸಿಕ್ಲಿಬ್ ಎಂಬ ಔಷಧಿಯನ್ನು ಕಿಮೊಗೆ ಸ್ವಲ್ಪ ಮುಂಚೆ ರಕ್ತನಾಳಕ್ಕೆ ಹನಿಸುತ್ತಾರೆ. ಒಡೆಯಲು ಹೊರಟ ಮಜ್ಜೆಯ ಕೋಶಗಳನ್ನು ಅದು ಕೆಲ ಗಂಟೆ ತಡೆದು ಕೂರಿಸುತ್ತದೆ. ಒಡೆಯದ ಕೋಶಕ್ಕೆ ಎಟೊಪೊಸೈಡ್ ಅಷ್ಟಾಗಿ ತಾಗದು. ಗಡ್ಡೆಯೂ ಹಾಗೆಯೇ ಕೂತುಬಿಟ್ಟರೆ? ಕೂರುವುದಿಲ್ಲ. ಆ ಔಷಧಿಯ ಮಾತು ಕೇಳಲು ಆರ್‌ಬಿ ಎಂಬ ಪ್ರೋಟೀನು ಬೇಕು, ಸಣ್ಣಕೋಶದ ಕ್ಯಾನ್ಸರ್ ಅದನ್ನು ಕಳೆದುಕೊಂಡೇ ಕ್ಯಾನ್ಸರ್ ಆಗಿರುತ್ತದೆ. ಅದರ ಕೊರತೆಯೇ ಅದಕ್ಕೆ ಮುಳುವು. ಬೆಳಗಾವಿ, ಮಿರಜದ ವಾರ್ಡುಗಳಲ್ಲಿ ಇದು ನಿತ್ಯದ ಔಷಧಿಯಾಗಲು ಬೆಲೆ ಇನ್ನೂ ಬಹಳ ಇಳಿಯಬೇಕು.

ಹತ್ತಿರದ ಬದಲಾವಣೆಗಳು ಬೇರೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದರು. ಅದೇ ವರ್ಷ ರಾಜ್ಯ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ-ಕೇರ್ ಕಿಮೊ ಕೇಂದ್ರಗಳನ್ನು ತೆರೆಯಿತು. ಕಿಮೊ ಊರಿಗೆ ಹತ್ತಿರ ಬಂದಷ್ಟೂ ಜ್ವರವೂ ತಾಲೂಕು ಆಸ್ಪತ್ರೆಯ ಬಾಗಿಲಿಗೆ ಹತ್ತಿರ ಬರುತ್ತದೆ. ಮೊದಲ ಗಂಟೆಗೆ ಬೇಕಾದ ಪಿಪೆರಾಸಿಲಿನ್–ಟಾಜೊಬ್ಯಾಕ್ಟಮ್, ಅಮಿಕಾಸಿನ್‌ನಂಥ ಔಷಧಿಗಳು ಅಲ್ಲಿನ ವೈದ್ಯರಿಗೆ ಹೊಸವೇನಲ್ಲ. ಅವರಿಗೆ ಬೇಕಾದದ್ದು ಫೈಲಿನ ಮೇಲಿನ ಪುಟದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆದ ನಾಲ್ಕು ಸಾಲು: ಕಿಮೊ ಕೊಟ್ಟ ತಾರೀಖು, ಔಷಧಿಗಳ ಹೆಸರು, ಕೊನೆಯ ಎಣಿಕೆ, ರಾತ್ರಿ ಎತ್ತುವ ಒಂದು ಫೋನ್ ನಂಬರು. ಜೊತೆಗೆ, 100.4 ದಾಟಿದರೆ ಮುಂಜಾನೆವರೆಗೆ ಕಾಯದೆ ಮೊದಲ ಡೋಸು ಹಾಕಿ, ಆಮೇಲೆ ಆ್ಯಂಬುಲೆನ್ಸಿನಲ್ಲಿ ಮುಂದಕ್ಕೆ ಕಳಿಸಿ ಎಂಬ ಸೂಚನೆ, ಕಿಮೊ ಕೊಟ್ಟ ವೈದ್ಯರ ಸಹಿಯೊಂದಿಗೆ.